ನಂಬದವರಿಗೂ ಕಾಗಿನೆಲೆ

ಪ್ರಾರ್ಥನೆಯ ಗೊಡವೆಗೇ ಹೋಗದ ಯಹೂದಿಗಳೂ 1568ರಲ್ಲಿ ಕಟ್ಟಿದ ಕೊಚ್ಚಿಯ ಪರದೇಸಿ ಸಿನಗಾಗ್ ನೋಡಲು ಕಡಲು ದಾಟಿ ಬರುತ್ತಾರೆ. ಅದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಪೂಜೆ, ಹರಕೆ ಬಿಟ್ಟು ತಲೆಮಾರೇ ಕಳೆದ ಕನ್ನಡ ಕುಟುಂಬವೊಂದು ಅಮೆರಿಕದಿಂದ ರಜೆಗೆ ಬಂದು ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಗೆ ಹೋದರೆ, ಇದೆಲ್ಲ ಬರೀ ಟೂರಿಸಂ ಎಂದು ಮೂಗು ಮುರಿಯುವವರಿದ್ದಾರೆ. ನಂಬಿಕೆಯೇ ಇಲ್ಲದ ಮೇಲೆ ಪರಂಪರೆ ಎಲ್ಲಿಂದ ಬಂತು ಎಂಬುದು ಅವರ ತಕರಾರು. ತಳ್ಳಿಹಾಕುವಂಥದ್ದಲ್ಲ ಬಿಡಿ. ಕನಕದಾಸರ ಕೀರ್ತನೆಗಳ ಅಂಕಿತವೇ ಕಾಗಿನೆಲೆಯ ಆದಿಕೇಶವ. ಭಕ್ತಿಯನ್ನು ಕಿತ್ತುಹಾಕಿ ಉಳಿದದ್ದಷ್ಟೇ ನನ್ನದು ಎನ್ನಲು ಬರುವುದಿಲ್ಲ.

ಆದರೂ ಕನಕದಾಸರ 'ರಾಮಧಾನ್ಯಚರಿತೆ'ಯನ್ನು ನೋಡಿ. ಭತ್ತ ಹೆಚ್ಚೋ ರಾಗಿ ಹೆಚ್ಚೋ ಎಂಬ ಜಗಳ ರಾಮನ ಮುಂದೆ ಬರುತ್ತದೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾರೆ. ಹೊರಗೆ ಬಂದಾಗ ಭತ್ತ ಸೊರಗಿರುತ್ತದೆ, ರಾಗಿ ಗಟ್ಟಿಯಾಗಿಯೇ ಇರುತ್ತದೆ. ಉಳ್ಳವರ ಅನ್ನಕ್ಕೂ ಬಡವರ ಮುದ್ದೆಗೂ ನಡುವಿನ ಈ ವ್ಯಾಜ್ಯ ಅರ್ಥವಾಗಲು ದೀಕ್ಷೆ ಬೇಕಿಲ್ಲ. 1992ರಲ್ಲಿ ಕನಕ ಗುರುಪೀಠ ಸ್ಥಾಪನೆಯಾದ ಮೇಲಂತೂ ಕನಕದಾಸರ ಕುರುಬ ಸಮುದಾಯಕ್ಕೆ ಈ ಊರು ಮಾನದ ವಿಳಾಸ, ದೇವರನ್ನು ನಂಬದ ಮಗನಿಗೂ ಮಗಳಿಗೂ ಆ ಮಾನದಲ್ಲಿ ಪಾಲುಂಟು. ಹಾಗಿದ್ದರೆ ಕಾವ್ಯ ಓದಿದರೆ ಸಾಲದೇ, ಬರುವುದೇಕೆ ಎನ್ನಬಹುದು. ಕಾವ್ಯವನ್ನು ಒಬ್ಬರೇ ಕೂತು ಓದಬಹುದು. ಹಣ್ಣುಕಾಯಿ ಹಿಡಿದು, ಹೆಗಲಿಗೆ ಕಂಬಳಿ ಹಾಕಿ ಬಂದ ಕುರಿಗಾಹಿಯ ಹಿಂದೆ ಪಾಳಿಯಲ್ಲಿ ನಿಲ್ಲಲು ಮಾತ್ರ ಇಲ್ಲಿಗೇ ಬರಬೇಕು.