ಬೆಟ್ಟಕ್ಕೊಂದು ಸುತ್ತು

ಹೋದ ದಾರಿಯಲ್ಲೇ ಹಿಂದಿರುಗುವುದೆಂದರೆ ನನಗೆ ಮೊದಲಿನಿಂದಲೂ ಬೇಸರ. ಊರಿನಿಂದ ಹೊರಟು, ಬೆಟ್ಟ ಹತ್ತಿ, ಬೇರೊಂದು ಮಗ್ಗುಲಲ್ಲಿ ಇಳಿದು, ಮತ್ತೆ ಅದೇ ಊರಿನ ಚಹಾದಂಗಡಿಗೆ ಬಂದು ಕೂರಬೇಕು. ನಡಿಗೆಯೆಂದರೆ ನನ್ನ ಮಟ್ಟಿಗೆ ಅದು. ವೇಲ್ಸ್‌ನಲ್ಲಿ ಇದಕ್ಕೆ ಹೇಳಿ ಮಾಡಿಸಿದ ಊರು ಕ್ರಿಕ್‌ಹೌವೆಲ್.

ಅಸ್ಕ್ ನದಿಯ ದಂಡೆಯ ಪುಟ್ಟ ಸಂತೆಯೂರು. ಕುದುರೆಗಾಡಿಗಳು ತಂಗುತ್ತಿದ್ದ ಕಾಲದ ಹೋಟೆಲೊಂದು, ಪಾಳುಬಿದ್ದ ಕೋಟೆ, ಅಂಗಡಿಬೀದಿ. ನದಿಗೆ ಹಳೆಯ ಕಲ್ಲಿನ ಸೇತುವೆ. ಒಂದು ಬದಿ ನಿಂತು ಎಣಿಸಿದರೆ 12 ಕಮಾನು, ಇನ್ನೊಂದು ಬದಿಯಿಂದ 13. ಊರಿನ ನೆತ್ತಿಯ ಮೇಲೆ ಚಪ್ಪಟೆ ತಲೆಯ ಬೆಟ್ಟ, 451 ಮೀಟರ್ ಎತ್ತರ. ಇಂಗ್ಲಿಷಿನವರಿಗೆ ಅದು ಟೇಬಲ್ ಮೌಂಟನ್, ವೇಲ್ಸಿನವರಿಗೆ ಕ್ರೀಗ್ ಹವೆಲ್. ಊರಿಗೂ ಆ ಬೆಟ್ಟದ್ದೇ ಹೆಸರು.

ಮನೆಗಳ ಸಾಲು ಮುಗಿದದ್ದೇ ತಡ, ದಾರಿ ಯಾರದೋ ಹೊಲದೊಳಕ್ಕೆ ನುಗ್ಗುತ್ತದೆ. ನಮ್ಮ ಕಡೆಯವರಿಗೆ ಇದು ಮೊದಮೊದಲು ಅಳುಕು ಹುಟ್ಟಿಸುವ ವಿಷಯ. ಆದರೆ ಅಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನನ್ಸ್ ಸರ್ವೆಯ ನಕ್ಷೆಯಲ್ಲಿ ಹಸಿರು ಚುಕ್ಕೆಗೆರೆಯಿದ್ದರೆ ಅದು ಸಾರ್ವಜನಿಕರ ಕಾಲುದಾರಿ. ಹೊಲದ ಒಡೆಯ ತಡೆಯುವಂತಿಲ್ಲ. ಮೇಲಿನ ಬಯಲು ಗುಡ್ಡಗಳಲ್ಲಿ ದಾರಿ ಬಿಟ್ಟೂ ಅಡ್ಡಾಡುವ ಹಕ್ಕು 2000ನೇ ಇಸವಿಯ ಕಾನೂನಿನಿಂದ ಬಂತು. ಬೇಲಿ ಬಂದಲ್ಲಿ ನಮ್ಮ ಮಲೆನಾಡಿನ ತಡಬೆಯಂಥದೇ ಮರದ ಮೆಟ್ಟಿಲು, ಇಲ್ಲವೇ ಕಿಸ್ಸಿಂಗ್ ಗೇಟು. ಈ ಗೇಟು ನನಗೆ ಬಲು ಇಷ್ಟ. ಅರ್ಧಚಂದ್ರದಂತೆ ಬಾಗಿದ ಕಟಕಟೆಯೊಳಗೆ ಒಂದೇ ಒಂದು ಬಾಗಿಲು ಅತ್ತಿತ್ತ ಆಡುತ್ತದೆ. ಅದನ್ನು ದೂಡಿ ಒಳಗೆ ಕಾಲಿಟ್ಟು, ಮೂಲೆಗೆ ಒತ್ತಿಕೊಂಡು ನಿಂತು, ಬಾಗಿಲನ್ನು ಹಿಂದಕ್ಕೆ ಬಿಟ್ಟು, ಆಚೆ ದಾಟಬೇಕು. ಮನುಷ್ಯ ಹೇಗೋ ನುಸುಳುತ್ತಾನೆ, ಕುರಿಗೆ ಆಗದು. ಬೆನ್ನಚೀಲ ದಪ್ಪಗಿದ್ದರೆ ಮನುಷ್ಯನಿಗೂ ಕಷ್ಟವೇ.

ಆಮೇಲೆ ಕಂಬೆತ್ ತೊರೆಯ ಜೊತೆ ಏರು. ಮರಗಳ ನೆರಳು, ಪಾಚಿಗಟ್ಟಿದ ಕಲ್ಲು, ಕಾಲಡಿ ಕೆಸರು. ಮರಗಳು ಮುಗಿದರೆ ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆ, ಅದರಾಚೆ ಬೇಸಿಗೆಯಲ್ಲಿ ಎದೆಮಟ್ಟ ಬೆಳೆದ ಜರೀಗಿಡ. ಕೊನೆಯ ಏರು ಚಿಕ್ಕದು, ಆದರೆ ಉಸಿರು ಕೀಳುತ್ತದೆ.

ತುದಿಯಲ್ಲಿ ಕಬ್ಬಿಣಯುಗದ ಕೋಟೆಯ ಕಲ್ಲುರಾಶಿ, ಇಡೀ ನೆತ್ತಿಯನ್ನು ಬಳಸಿಕೊಂಡು ಬಿದ್ದಿದೆ. ಕೋಟೆಗೆ ಈ ಜಾಗ ಆರಿಸಿದ್ದು ಏಕೆಂದು ಯಾರೂ ಹೇಳಬೇಕಿಲ್ಲ. ಕಣಿವೆಯಲ್ಲಿ ಯಾರು ಬಂದರೂ ಇಲ್ಲಿಂದ ಕಾಣುತ್ತಾರೆ. ಪೂರ್ವಕ್ಕೆ 596 ಮೀಟರಿನ ಶುಗರ್ ಲೋಫ್. ನದಿಯಾಚೆ ಸುಣ್ಣಕಲ್ಲು ಅಗೆದು ಬರಿದಾದ ಲಾಂಗಾಟಕ್ ಬಂಡೆಸಾಲು. ಸ್ವಾರಸ್ಯವೆಂದರೆ ನಮ್ಮ ಬೆನ್ನಿಗಿರುವ 701 ಮೀಟರಿನ ಪೆನ್ ಕೆರಿಗ್ ಕಾಲ್ಖ್ ಬೆಟ್ಟಕ್ಕೂ ಅದೇ ಸುಣ್ಣಕಲ್ಲಿನ ಟೊಪ್ಪಿಗೆ. ಒಂದು ಕಾಲಕ್ಕೆ ಕೂಡಿಕೊಂಡಿದ್ದ ಪದರವನ್ನು ಕಣಿವೆ ನಡುವೆ ಕೊರೆದು ಬೇರೆ ಮಾಡಿದೆ. ಉತ್ಸಾಹಿಗಳು ಆ ದೊಡ್ಡ ಬೆಟ್ಟಕ್ಕೂ ಹೋಗುತ್ತಾರೆ. ನಾನು ಕೋಟೆಗೋಡೆಯ ಮರೆಯಲ್ಲಿ ಗಾಳಿ ತಪ್ಪಿಸಿಕೊಂಡು ಬುತ್ತಿ ಬಿಚ್ಚುವವನು.

ಕೆಳಗೆ ಊರಂಚಿನಲ್ಲಿ ಗ್ವೆರ್ನ್‌ವೇಲ್ ಎಂಬ ಮನೆ, ಜಾರ್ಜ್ ಎವರೆಸ್ಟ್ ಕುಟುಂಬದ ಆಸ್ತಿಯಾಗಿದ್ದದ್ದು. 1804ರಲ್ಲಿ ಬೆಂಗಳೂರಿನ ಬಳಿ ಸರ್ವೆಯ ಆಧಾರರೇಖೆ ಅಳೆದ ವಿಲಿಯಂ ಲ್ಯಾಂಬ್ಟನ್‌ಗೆ 1818ರಲ್ಲಿ ಸಹಾಯಕನಾಗಿ ಸೇರಿ, ಅವನ ನಂತರ ಭಾರತದ ಮಹಾಸರ್ವೆಯನ್ನು ಹಿಮಾಲಯದವರೆಗೆ ಒಯ್ದವನು ಈತ. ಜಗತ್ತಿನ ಅತಿ ಎತ್ತರದ ಶಿಖರಕ್ಕೆ ತನ್ನ ಹೆಸರಿಡುವುದು ಅವನಿಗೇ ಒಪ್ಪಿಗೆಯಿರಲಿಲ್ಲ, 1865ರಲ್ಲಿ ಇಟ್ಟೇಬಿಟ್ಟರು. ಈ ಮನೆಯ ಬಳಿ ಎದ್ದು ನಿಂತದ್ದು ಮಾತ್ರ ಮಧ್ಯಾಹ್ನದೊಳಗೆ ಹತ್ತಿ ಇಳಿಯಬಹುದಾದ ಗುಡ್ಡ!

ಇಳಿಯುವುದು ಲಾನ್‌ಬೆಡರ್ ಹಳ್ಳಿಯ ಕಡೆಯಿಂದ. ಹತ್ತುವಾಗ ಮೇಜಿನಂತಿದ್ದ ಬೆಟ್ಟ ಈ ಮಗ್ಗುಲಿಗೆ ಬಂದರೆ ದೊಡ್ಡ ಬೆಟ್ಟದ ಮೊಣಕೈಯಂತೆ ಕಾಣುತ್ತದೆ. ಎಡಗಡೆ ಗ್ರೂನಿ ವೆಖನ್ ಹೊಳೆಯ ಕಣಿವೆ, ಕುರಿಮಂದೆ, ಬೇಲಿ ಕವಿದ ಕಿರುರಸ್ತೆ. ದಾರಿ ತಿರುವು ಹಾಕಿ ಇದ್ದಕ್ಕಿದ್ದಂತೆ ಊರಿನ ಚಾವಣಿಗಳ ಮೇಲೆ ಬಂದು ನಿಲ್ಲಿಸುತ್ತದೆ. ತಿರುವುಮುರುವಾಗಿಯೂ ಸುತ್ತಬಹುದು, ಆದರೆ ಕೆಸರಿನ ತೊರೆದಾರಿಯನ್ನು ಹತ್ತುವುದೇ ಮೇಲು, ಇಳಿಯುವುದು ಜಾರುಬಂಡಿ.

ಹೋಗುವವರಿಗೆ: ಊರಿಗೆ ರೈಲಿಲ್ಲ, ಅಬರ್ಗವೆನ್ನಿಯಲ್ಲಿ ಇಳಿದು ಬಸ್ಸು ಹಿಡಿಯಿರಿ. ಜುಲೈಯಾದರೂ ಮಳೆಕೋಟಿರಲಿ. ಮಾಮೂಲಿ ಗೇಟು ಸಿಕ್ಕರೆ ದಾಟಿದ ಮೇಲೆ ಅದನ್ನು ಮೊದಲಿದ್ದಂತೆಯೇ ಬಿಟ್ಟು ಮುಂದೆ ನಡೆಯಿರಿ. ದಾರಿ ನಮ್ಮದು ನಿಜ, ಕುರಿ ರೈತನದು.