ಕರಪತ್ರದ ಆನೆ

‘ಮಗಳು ಏನು ಕೆಲಸದಲ್ಲಿದ್ದಾಳೆ?’ ಎಂದು ಯಾರಾದರೂ ಕೇಳಿದರೆ ನಮ್ಮ ತಾಯಿ ಕೊಂಚ ಹೊತ್ತು ಸುಮ್ಮನಾಗುತ್ತಾರೆ. ಬ್ಯಾಂಕು ಎಂದರೆ ಎಲ್ಲರಿಗೂ ಗೊತ್ತು, ಶಾಲೆ ಎಂದರೆ ಗೊತ್ತು, ಗಾರ್ಮೆಂಟ್ಸ್ ಎಂದರೂ ಗೊತ್ತು. ‘ಸೋಷಿಯಲ್ ಮೀಡಿಯಾ ಮಾರ್ಕೆಟಿಂಗ್ ಏಜೆನ್ಸಿ’ ಎಂದರೆ ಕೇಳಿದವರ ಮುಖದಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಕೊನೆಗೆ ಅಮ್ಮ ತಾವೇ ಒಂದು ಉತ್ತರ ಕಂಡುಕೊಂಡಿದ್ದಾರೆ: ‘ದಿನವೆಲ್ಲ ಮೊಬೈಲ್ ನೋಡೋ ಕೆಲಸ. ಅದಕ್ಕೆ ಸಂಬಳಾನೂ ಕೊಡ್ತಾರಂತೆ!’

ನಮ್ಮ ಮನೆಯಲ್ಲಿ ನನ್ನ ಕೆಲಸ ಮೊದಲ ಸಲಕ್ಕೇ ಅರ್ಥವಾದದ್ದು ತಾತನಿಗೆ ಮಾತ್ರ. ಅವರು ಗುಬ್ಬಿಯವರು. ‘ಅಂಗಡಿಯವರ ಪರವಾಗಿ ಜನಕ್ಕೆ ವಿಷಯ ತಿಳಿಸೋದು ತಾತ’ ಎಂದಾಗ ಅವರು ತಟ್ಟನೆ, ‘ಓಹೋ, ಕರಪತ್ರ ಹಂಚೋ ಕೆಲಸ!’ ಎಂದರು. ಆಮೇಲೆ ಅರ್ಧ ಗಂಟೆ ಗುಬ್ಬಿ ಕಂಪನಿಯ ಪುರಾಣ. 1884ರಲ್ಲಿ ಶುರುವಾದ ಆ ನಾಟಕ ಸಂಘವನ್ನು ನಾಡಿಗೆಲ್ಲ ಪರಿಚಯಿಸಿದವರು ಗುಬ್ಬಿ ವೀರಣ್ಣನವರು. ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದ ಸಾಹಸಿ. ತಾತ ಹುಡುಗನಾಗಿದ್ದಾಗ ನಾಟಕದ ಗಾಡಿ ಬೀದಿಗೆ ಬಂದರೆ ಅದರ ಹಿಂದೆ ಓಡಿ ಬಣ್ಣದ ಕರಪತ್ರ ಆರಿಸಿಕೊಳ್ಳುತ್ತಿದ್ದರಂತೆ. ಕೊನೆಗೆ ಅವರು ಹೇಳಿದ ಮಾತು ಇದು: ‘ಕರಪತ್ರದಲ್ಲಿ ಆನೆ ಅಂತ ಹಾಕಿದ್ರೆ ಆನೆ ಬರಬೇಕು ಕಣಮ್ಮ. ಬರಲಿಲ್ಲ ಅನ್ನು, ನಾಳೆ ಯಾರೂ ಟಿಕೆಟ್ ತಗೊಳಲ್ಲ.’

ಆಗ ನಕ್ಕಿದ್ದೆ. ಆ ಮಾತಿನ ಭಾರ ತಿಳಿಯಲು ನನಗೆ ಕೆಲವು ವರ್ಷಗಳೇ ಬೇಕಾದವು.

ತುಮಕೂರಿನ ಬಿ.ಎಚ್. ರಸ್ತೆಯಿಂದ ಒಳಕ್ಕೆ ಹೊರಳಿದರೆ ಒಂದು ಔಷಧಿ ಅಂಗಡಿಯ ಮೇಲೆ ನಮ್ಮ ಕಚೇರಿ. ಮಾಲೀಕರೂ ಸೇರಿ ಆರು ಜನ. ಬಿ.ಕಾಂ. ಮುಗಿಸಿ ಇಲ್ಲಿಗೆ ಸೇರಿದಾಗ, ಫೇಸ್‌ಬುಕ್ಕೂ ಇನ್‌ಸ್ಟಾಗ್ರಾಮೂ ಚೆನ್ನಾಗಿ ಬರುತ್ತದೆಂಬುದೇ ನನ್ನ ದೊಡ್ಡ ಅರ್ಹತೆ ಎಂದುಕೊಂಡಿದ್ದೆ. ಮೊದಲ ವಾರದಲ್ಲೇ ಆ ಗರ್ವ ಇಳಿಯಿತು. ತಿಂಗಳ ಆರಂಭದಲ್ಲಿ ಪ್ರತಿ ಪಾರ್ಟಿಗೂ – ಗಿರಾಕಿಗಳನ್ನು ನಮ್ಮ ಮಾಲೀಕರು ಕರೆಯುವುದು ಹಾಗೆ, ಹೊಸಬರು ‘ಕ್ಲೈಂಟ್’ ಎನ್ನುತ್ತಾರೆ – ಯಾವ ದಿನ ಏನು ಪ್ರಕಟಿಸಬೇಕೆಂಬ ಪಟ್ಟಿ ಮಾಡಬೇಕು. ಅಂಗಡಿಗೆ ಹೋಗಿ ಫೋಟೋ ತೆಗೆಯಬೇಕು. ಎರಡು ಸಾಲು ಕನ್ನಡ ಬರೆಯಬೇಕು. ಅದನ್ನು ಚಿತ್ರದೊಳಗೆ ಕೂರಿಸುವಾಗ ನುಡಿ ಅಕ್ಷರವೋ ಯೂನಿಕೋಡೋ ಎಂಬ ಗೊಂದಲದಲ್ಲಿ ಒತ್ತಕ್ಷರಗಳು ಚದುರಿಹೋಗದಂತೆ ಕಾಯಬೇಕು. ಜಾಹೀರಾತಿನ ಹಣ ಯಾವ ಊರಿನ, ಯಾವ ವಯಸ್ಸಿನ ಜನರನ್ನು ತಲುಪಬೇಕೆಂದು ಗೊತ್ತುಮಾಡಬೇಕು. ತಿಂಗಳ ಕೊನೆಗೆ ಲೆಕ್ಕ ಒಪ್ಪಿಸಬೇಕು. ಇಷ್ಟರ ನಡುವೆ ರಾತ್ರಿ ಹನ್ನೊಂದಕ್ಕೆ ‘ಮೇಡಂ, ಲೋಗೋ ಇನ್ನೂ ಸ್ವಲ್ಪ ದೊಡ್ಡದು ಮಾಡಿ’ ಎಂಬ ಸಂದೇಶ ಬಂದರೆ ಸಿಟ್ಟು ಮಾಡಿಕೊಳ್ಳದೆ ಉತ್ತರಿಸಬೇಕು.

ಅಂದರೆ ಮೊಬೈಲ್ ನೋಡುವ ಕೆಲಸ ಕಡಿಮೆ, ಮನುಷ್ಯರನ್ನು ನೋಡುವ ಕೆಲಸ ಹೆಚ್ಚು.

ನನಗೆ ಮೊದಲು ವಹಿಸಿದ್ದು ಗುಬ್ಬಿಯ ಒಬ್ಬ ಗಾಣದ ಎಣ್ಣೆಯವರನ್ನು. ಗಂಡ ಹೆಂಡತಿ ಇಬ್ಬರೇ ದುಡಿಯುವ ಸಣ್ಣ ಗಾಣ. ಅವರ ಆಸೆ ಎರಡು: ಲಕ್ಷ ಲೈಕ್ ಬರಬೇಕು, ‘ಈ ಎಣ್ಣೆಯಿಂದ ಸಕ್ಕರೆ ಕಾಯಿಲೆ ವಾಸಿ’ ಎಂದು ಹಾಕಬೇಕು. ಮೊದಲನೆಯದು ನನ್ನ ಕೈಯಲ್ಲಿಲ್ಲ, ಎರಡನೆಯದು ಆಗುವುದಿಲ್ಲ ಎಂದೆ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ಬಂದು ಎಷ್ಟು ಕಾಲವಾಯಿತು! ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆಂಬ ಜಾಹೀರಾತುಗಳಿಗೆ 1954ರ ಆ ಕಾಯಿದೆ ತಡೆಹಾಕಿದೆ. ಯಜಮಾನರ ಮುಖ ಸಪ್ಪಗಾಯಿತು. ಆಗ ಅವರ ಹೆಂಡತಿ, ‘ಕಾಯಿಲೆ ಗೀಯಿಲೆ ಬ್ಯಾಡ ಬಿಡಿ. ಯಾವ ತೋಟದ ಕೊಬ್ಬರಿ, ಯಾವತ್ತು ಆಡ್ಸಿದ್ದು, ಅಷ್ಟು ಹೇಳಿದ್ರೆ ಸಾಲ್ದಾ?’ ಎಂದರು. ಗಾಣದ ಪಕ್ಕದಲ್ಲೇ ನಿಂತು ಅವರು ಆಡಿದ ಮಾತನ್ನು ಹಾಗೇ ಚಿತ್ರೀಕರಿಸಿ ಹಾಕಿದೆವು. ಲೈಕ್ ಹೇಳಿಕೊಳ್ಳುವಷ್ಟೇನೂ ಬರಲಿಲ್ಲ. ಆದರೆ ಎಣ್ಣೆ ಬೇಕೆಂದು ಫೋನ್ ಮಾಡಿದವರು ಹೆಚ್ಚಿದರು. ಮೆಚ್ಚುವವರೇ ಬೇರೆ, ಕೊಳ್ಳುವವರೇ ಬೇರೆ ಎಂಬ ಪಾಠ ಅಲ್ಲಿ ಕಲಿತೆ.

ಎರಡನೆಯ ಪಾಠ ಕುಣಿಗಲ್ಲಿನದು. ಅದು ನನ್ನದೇ ತಪ್ಪಿನಿಂದ ಕಲಿತದ್ದು. ಅಲ್ಲಿಯ ಒಂದು ಬಟ್ಟೆ ಅಂಗಡಿಗೆ ಯುಗಾದಿಯ ಜಾಹೀರಾತು. ಅಂಗಡಿಯ ಸುತ್ತ 25 ಕಿಲೋಮೀಟರ್ ಎಂದು ಗುರುತು ಹಾಕಬೇಕಾದ ಕಡೆ ನಾನು ಇಡೀ ಕರ್ನಾಟಕ ಎಂದು ಬಿಟ್ಟುಬಿಟ್ಟಿದ್ದೆ. ಮೂರು ದಿನದಲ್ಲಿ ಆರು ಸಾವಿರ ರೂಪಾಯಿ ಖರ್ಚಾಯಿತು. ಬೀದರ್, ಬೆಳಗಾವಿ ಕಡೆಯವರು ‘ಅಂಗಡಿ ಎಲ್ಲಿದೆ?’ ಎಂದು ಕೇಳತೊಡಗಿದಾಗ ಎದೆ ಧಸಕ್ಕೆಂದಿತು. ಸಾವಿರಾರು ಜನ ನೋಡಿದ್ದಾರೆಂಬ ಅಂಕಿಯನ್ನಷ್ಟೇ ತೋರಿಸಿ ಪಾರಾಗಬಹುದಿತ್ತು, ಅಂಗಡಿಯವರಿಗೆ ತಿಳಿಯುತ್ತಲೂ ಇರಲಿಲ್ಲ. ಎರಡು ರಾತ್ರಿ ನಿದ್ದೆಗೆಟ್ಟು, ಮಾಲೀಕರಿಗೆ ವಿಷಯ ತಿಳಿಸಿ, ಬಸ್ಸು ಹತ್ತಿ ಕುಣಿಗಲ್ಲಿಗೆ ಹೋದೆ. ಅಂಗಡಿಯ ಹಿರಿಯರು ಪೂರ್ತಿ ಕೇಳಿಸಿಕೊಂಡು ಕನ್ನಡಕ ಒರೆಸಿಕೊಂಡರು. ‘ಕುಣಿಗಲ್ ಕೆರೆ ಹಾಡು ಬೇಕಾದ್ರೆ ಇಡೀ ಕರ್ನಾಟಕಕ್ಕೆ ಗೊತ್ತಿರಲಿ. ನನ್ನ ಅಂಗಡಿ ಸುತ್ತ ಹತ್ತೂರಿಗೆ ಗೊತ್ತಾದ್ರೆ ಸಾಕು ಕಣಮ್ಮ’ ಎಂದು ನಕ್ಕುಬಿಟ್ಟರು. ಆ ಹಣವನ್ನು ನಮ್ಮ ಮಾಲೀಕರು ಏಜೆನ್ಸಿಯ ಲೆಕ್ಕಕ್ಕೆ ಹಾಕಿಕೊಂಡರು. ಆ ಅಂಗಡಿ ಇವತ್ತಿಗೂ ನಮ್ಮ ಜೊತೆಯಲ್ಲಿದೆ.

ಮೂರನೆಯದನ್ನು ಬರೆಯಲು ಇಷ್ಟು ಪೀಠಿಕೆ ಬೇಕಾಯಿತು. ಅದು ನಡೆದದ್ದು ತುಮಕೂರಿನಲ್ಲೇ, 2023ರ ಜೂನ್ ತಿಂಗಳಲ್ಲಿ. ಸಿಇಟಿ ಫಲಿತಾಂಶ ಬಂದ ವಾರ. ನಮ್ಮ ಪಾರ್ಟಿಗಳಲ್ಲಿ ಎಲ್ಲರಿಗಿಂತ ಹೆಚ್ಚು ಹಣ ಕೊಡುತ್ತಿದ್ದುದು ಒಂದು ಕೋಚಿಂಗ್ ಕೇಂದ್ರ. ಅವರು ಕಳಿಸಿದ ಹತ್ತು ಹನ್ನೆರಡು ಮಕ್ಕಳ ಫೋಟೋ, ರ್‍ಯಾಂಕುಗಳನ್ನು ಒಂದೇ ಸಂಜೆಯಲ್ಲಿ ಅಂದಗೊಳಿಸಿ ‘ನಮ್ಮ ಹೆಮ್ಮೆಯ ವಿದ್ಯಾರ್ಥಿಗಳು’ ಎಂದು ಪ್ರಕಟಿಸಿದೆ. ಒಂದು ಮಾತು ಕೇಳಲಿಲ್ಲ. ಕೇಳಬೇಕೆಂದೇ ಹೊಳೆಯಲಿಲ್ಲ.

ನಾಲ್ಕನೆಯ ದಿನ ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಿಂದ ಒಬ್ಬ ತಾಯಿ ನಮ್ಮ ಮೆಟ್ಟಿಲು ಹತ್ತಿ ಬಂದರು. ಕೋಚಿಂಗ್ ಕೇಂದ್ರದಲ್ಲಿ ವಿಚಾರಿಸಿದರೆ ‘ಅದನ್ನೆಲ್ಲ ಮಾಡೋದು ಏಜೆನ್ಸಿಯವರು’ ಎಂದು ಇತ್ತ ಕಳಿಸಿದ್ದರಂತೆ. ಕೈಯಲ್ಲಿದ್ದ ಮೊಬೈಲನ್ನು ನನ್ನ ಮೇಜಿನ ಮೇಲಿಟ್ಟು, ‘ಇದನ್ನ ಹಾಕಿದ್ದು ನೀವೇನಾ?’ ಎಂದರು. ಅವರ ಮಗಳ ಚಿತ್ರ. ಹುಡುಗಿ ಓದಿದ್ದು ಸರ್ಕಾರಿ ಕಾಲೇಜಿನಲ್ಲಿ. ಒಂದು ಭಾನುವಾರ ಆ ಕೇಂದ್ರದವರು ಉಚಿತವಾಗಿ ನಡೆಸಿದ ಮಾದರಿ ಪರೀಕ್ಷೆ ಬರೆದಿದ್ದಳು; ಅರ್ಜಿಗೆ ಫೋಟೋ ಅಂಟಿಸಿದ್ದಳು. ಅವಳಿಗೂ ಆ ಕೇಂದ್ರಕ್ಕೂ ಇದ್ದ ಸಂಬಂಧ ಅಷ್ಟೇ.

‘ಊರಲ್ಲಿ ಕೈಸಾಲ ಕೊಟ್ಟೋರು ಕೇಳ್ತಾವ್ರೆ, ಕೋಚಿಂಗಿಗೆ ಲಕ್ಷ ಕಟ್ಟಕ್ಕೆ ದುಡ್ಡಿತ್ತು, ನಮಗೆ ಕೊಡಕ್ಕಿಲ್ವಾ ಅಂತ. ಅದು ಹೋಗ್ಲಿ. ನನ್ ಮಗಳು ಬೆಳಗಿನ ಜಾವ ನಾಕಕ್ಕೆದ್ದು ಓದಿದ್ದು. ಅದನ್ನ ಬೇರೆಯವರ ಹೆಸರಿಗೆ ಬರ್‍ದುಬಿಟ್ರಲ್ಲ’ ಎಂದರು. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು ಎನ್ನಿಸಿತು.

ಅವರು ಹೋದ ಮೇಲೆ ಆ ಜಾಹೀರಾತಿಗೆ ಬಂದಿದ್ದ ಸಂದೇಶಗಳನ್ನು ತೆರೆದು ನೋಡಿದೆ. ಕುಣಿಗಲ್ ಕಡೆಯ ತಂದೆಯೊಬ್ಬರು ಅದೇ ಹುಡುಗಿಯ ಹೆಸರು ಹೇಳಿ, ‘ಈ ಮಗು ನಿಮ್ಮಲ್ಲಿ ಎಷ್ಟು ತಿಂಗಳು ಓದಿತು? ನಮ್ಮ ಹುಡುಗನನ್ನು ಸೇರಿಸಬೇಕು, ಒಡವೆ ಅಡ ಇಟ್ಟು ಹಣ ಹೊಂದಿಸುತ್ತಿದ್ದೇವೆ’ ಎಂದು ಬರೆದಿದ್ದರು. ಅದರ ಕೆಳಗೆ ನನ್ನ ಉತ್ತರ: ‘ಧನ್ಯವಾದಗಳು! ಪ್ರವೇಶಕ್ಕಾಗಿ ಕೂಡಲೇ ಸಂಪರ್ಕಿಸಿ.’ ಎಲ್ಲರಿಗೂ ಕಳಿಸಲು ಸಿದ್ಧ ಮಾಡಿಟ್ಟುಕೊಂಡಿದ್ದ ಸಾಲು. ಅವರ ಪತ್ರವನ್ನು ನಾನು ಓದಿರಲೇ ಇಲ್ಲ.

ಮಾಲೀಕರಿಗೆ ಹೇಳಿದೆ. ಅವರು ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದು, ‘ತೆಗೆದುಬಿಡು’ ಎಂದರು. ತೆಗೆದೆವು. ಆ ಹುಡುಗಿ ತಮ್ಮ ವಿದ್ಯಾರ್ಥಿನಿಯಲ್ಲ ಎಂದು ಪ್ರಕಟಿಸಿ, ಉಳಿದ ಮಕ್ಕಳು ಯಾರು, ಯಾವ ತರಗತಿಗೆ ಬಂದಿದ್ದರು ಎಂದು ತಿಳಿಸಿದರೆ ಮಾತ್ರ ಕೆಲಸ ಮುಂದುವರಿಸುತ್ತೇವೆಂದು ಕೇಂದ್ರದವರಿಗೆ ಬರೆದೆವು. ‘ಎಲ್ಲರೂ ಮಾಡೋದನ್ನೇ ನಾವೂ ಮಾಡಿದ್ದೀವಿ. ಊರಲ್ಲಿ ಏಜೆನ್ಸಿ ನೀವೊಬ್ಬರೇ ಅಲ್ಲ’ ಎಂಬ ಉತ್ತರ ಬಂತು. ಅವರು ಬಿಟ್ಟುಹೋದರು. ಆ ತಿಂಗಳು ನಮ್ಮ ಸಂಬಳ ಹದಿನೈದು ದಿನ ತಡವಾಯಿತು. ಕಚೇರಿಯ ಗೆಳತಿಯೊಬ್ಬಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವಳ ಮನೆಬಾಡಿಗೆಯ ಕಷ್ಟ ನನಗೆ ಗೊತ್ತಿತ್ತು. ಕುಣಿಗಲ್ ಕಡೆಯ ಆ ತಂದೆಗೆ ನಡೆದದ್ದನ್ನೆಲ್ಲ ಬರೆದು ಕ್ಷಮೆ ಕೇಳಿದೆ. ‘ಸರಿ ಮೇಡಂ’ ಎಂದಷ್ಟೇ ಉತ್ತರಿಸಿದರು. ಆಮೇಲೆ ಏನು ಮಾಡಿದರೋ ತಿಳಿಯದು.

ಕಾನೂನು ನಮ್ಮ ಕಡೆಗೇ ಇತ್ತು ಎಂಬುದು ಮತ್ತೆ ಓದಿದಾಗ ಗೊತ್ತಾಯಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಅದನ್ನು ಪ್ರಕಟಿಸಿದವರಿಗೂ ದಂಡ ಬೀಳಬಹುದು. 2024ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕೋಚಿಂಗ್ ಸಂಸ್ಥೆಗಳಿಗೆಂದೇ ಮಾರ್ಗಸೂಚಿ ಹೊರಡಿಸಿತು. ಆಯ್ಕೆ ಖಚಿತ, ಕೆಲಸ ಖಚಿತ ಎಂದು ಆಸೆ ಹುಟ್ಟಿಸುವಂತಿಲ್ಲ. ತೇರ್ಗಡೆಯಾದವರ ಹೆಸರು, ಫೋಟೋ ಬಳಸಬೇಕಾದರೆ ಅವರ ಲಿಖಿತ ಒಪ್ಪಿಗೆ ಬೇಕು; ಆ ಒಪ್ಪಿಗೆಯನ್ನೂ ಫಲಿತಾಂಶ ಬಂದ ಮೇಲೆಯೇ ಪಡೆಯಬೇಕು. ಆ ವಿದ್ಯಾರ್ಥಿ ಯಾವ ಕೋರ್ಸಿಗೆ, ಎಷ್ಟು ಕಾಲ ಬಂದಿದ್ದ ಎಂಬುದನ್ನೂ ತಿಳಿಸಬೇಕು.

ತಂದೆತಾಯಂದಿರು ಇಷ್ಟನ್ನು ನೆನಪಿಟ್ಟುಕೊಂಡರೆ ಸಾಕು. ಮೊಬೈಲಿನಲ್ಲಿ ನಗುವ ಮಗುವಿನ ಮುಖ ಕಂಡಾಗ ‘ಇದು ಇಲ್ಲಿ ಏನು ಓದಿತು, ಎಷ್ಟು ದಿನ ಓದಿತು’ ಎಂದು ಕೇಳಿ. ಉತ್ತರ ಕೊಡಲು ತಡವರಿಸುವವರಿಗೆ ಒಡವೆಯ ಹಣ ಕೊಡಬೇಡಿ.

ಈ ಕೆಲಸಕ್ಕೆ ಬರಬೇಕೆಂಬ ವಿದ್ಯಾರ್ಥಿಗಳು ಈಗ ನಮ್ಮ ಕಚೇರಿಗೂ ಬರುತ್ತಾರೆ. ‘ಯಾವ ಕೋರ್ಸ್ ಮಾಡಬೇಕು ಮೇಡಂ?’ ಎಂಬುದೇ ಎಲ್ಲರ ಮೊದಲ ಪ್ರಶ್ನೆ. ತಂತ್ರಗಳು ವರ್ಷಕ್ಕೊಮ್ಮೆ ಬದಲಾಗುತ್ತವೆ, ಆರು ತಿಂಗಳಲ್ಲಿ ಕಲಿಯಬಹುದು. ಟಿಕ್‌ಟಾಕ್ ನೆಚ್ಚಿಕೊಂಡಿದ್ದವರು 2020ರ ಜೂನಿನಲ್ಲಿ ಅದಕ್ಕೆ ನಿಷೇಧ ಬಿದ್ದಾಗ ರಾತ್ರೋರಾತ್ರಿ ಹೊಸದನ್ನು ಕಲಿಯಬೇಕಾಯಿತು. ತಪ್ಪಿಲ್ಲದ ಕನ್ನಡ, ಶೇಕಡಾ ಲೆಕ್ಕ, ಎದುರಿನವರ ಮಾತು ಪೂರ್ತಿ ಕೇಳುವ ತಾಳ್ಮೆ – ಇವನ್ನು ಈಗಿನಿಂದಲೇ ಕಲಿಯಿರಿ ಎನ್ನುತ್ತೇನೆ. ಹಣ ಕೊಡುವವರಿಗೆ ‘ಆಗುವುದಿಲ್ಲ’ ಎಂದು ನಯವಾಗಿ ಹೇಳುವುದನ್ನು ಮಾತ್ರ ಯಾವ ಕೋರ್ಸಿನಲ್ಲೂ ಹೇಳಿಕೊಟ್ಟದ್ದು ನಾನು ಕಾಣೆ. ನನಗೂ ಅದು ಪೂರ್ತಿ ಬಂದಿಲ್ಲ. ಈಗಲೂ ಹೇಳುವ ಮುನ್ನ ಗಂಟಲು ಒಣಗುತ್ತದೆ.

ತಾತ ಈಗಿಲ್ಲ. ಇದ್ದಿದ್ದರೆ ಆ ಜೂನ್ ತಿಂಗಳ ಕತೆಯನ್ನು ಅವರಿಗೆ ಹೇಳುವ ಧೈರ್ಯ ನನಗೆ ಬರುತ್ತಿತ್ತೋ ಇಲ್ಲವೋ.

ಆ ವರ್ಷದ ಕೊನೆಯಲ್ಲಿ ನನ್ನ ಮೊಬೈಲಿಗೆ ಒಂದು ಚಿತ್ರ ಬಂತು. ಹೆಗಲಿಗೆ ಚೀಲ ಹಾಕಿಕೊಂಡು ಕಾಲೇಜಿನ ಗೇಟಿನ ಮುಂದೆ ನಿಂತ ಹುಡುಗಿ, ಬಿ.ಎಸ್ಸಿ. ಕೃಷಿಗೆ ಸೀಟು ಸಿಕ್ಕಿತ್ತು. ಕಳಿಸಿದವರು ಆ ತಾಯಿ. ಕೆಳಗೆ ಯಾರ ಕೈಯಲ್ಲೋ ಬರೆಸಿದ ಒಂದು ಸಾಲು: ‘ಎಲ್ಲೂ ಹಾಕಬೇಡಿ. ನಿಮಗೆ ನೋಡಲಿಕ್ಕೆ ಅಂತ ಕಳಿಸಿದೀನಿ.’

ಎಲ್ಲೂ ಹಾಕಿಲ್ಲ. ಆಗಾಗ ನೋಡುತ್ತೇನೆ.