ನಿರಪರಾಧಿ ಬದನೆಕಾಯಿ

ಬೆಂಗಳೂರಿನ ಕಾಮಾಕ್ಷಿಪಾಳ್ಯದ ಮನೆಯಲ್ಲಿ ಹಾಲುಕ್ಕಿಸಿದ ನಾಲ್ಕನೇ ವರ್ಷ ನನ್ನ ಮೈಯೂ ಉಕ್ಕಿತು. ಮೊದಲು ಕಣ್ಣಿನ ರೆಪ್ಪೆ, ಆಮೇಲೆ ಕತ್ತು, ಕಿವಿಯ ಹಿಂದೆ, ಮೊಣಕೈ ಮಡಿಕೆ. ಕೆಂಪಾಗುವುದು, ನೀರಾಡುವುದು, ಒಣಗಿ ಹಕ್ಕಳೆ ಕಟ್ಟುವುದು. ರಾತ್ರಿ ಬೀದಿಯ ಲೇತುಗಳೆಲ್ಲ ಮಲಗಿದ ಮೇಲೆ ನನ್ನ ಉಗುರುಗಳ ಪಾಳಿ ಶುರು. ಆರನೇ ಶತಮಾನದ ವೈದ್ಯ ಏಟಿಯಸ್ ಬಳಸಿದ 'ಎಕ್ಜಿಮಾ' ಎಂಬ ಗ್ರೀಕ್ ಮಾತಿಗೆ ಕುದಿದು ಉಕ್ಕುವುದು ಎಂದೇ ಅರ್ಥ. ನಮ್ಮವರು ಇಸುಬು ಅಂದರು. ಗ್ರೀಕರ ಮಾತೇ ನನಗೆ ಹೆಚ್ಚು ಒಪ್ಪುತ್ತದೆ.

ರೋಗದ ಹೆಸರು ತಿಳಿಯುವ ಮೊದಲೇ ನಮ್ಮ ಮನೆಯಲ್ಲಿ ಅಪರಾಧಿ ಸಿಕ್ಕಿಬಿದ್ದಿತ್ತು. "ನಂಜು ಕಣೋ, ಬದನೆಕಾಯಿ ಬಿಡು" ಅಂದರು ಅಮ್ಮ. ವಾಂಗೀಬಾತಿನ ಮೇಲೆ ಪ್ರಾಣವಿಟ್ಟವನು, ಬಿಟ್ಟೆ. ಮೇಲ್ಮನೆಯವರು ನಾಗದೋಷ ಅಂದರು. ಘಾಟಿ ಸುಬ್ರಹ್ಮಣ್ಯಕ್ಕೂ ಹೋಗಿಬಂದೆ. ನನ್ನ ಗುಮಾನಿ ಮಾತ್ರ ಕೂಲೆಂಟಿನ ಮೇಲೆ. ನಮ್ಮ ಶೆಡ್ಡಿನಲ್ಲಿ ಲೇತಿಗೆ ಸುರಿಯುವ ಆ ಬೆಳ್ಳನೆಯ ನೀರಿನಲ್ಲಿ ದಿನವಿಡೀ ಕೈ ಅದ್ದಿರುತ್ತದಲ್ಲ! ಈ ನಡುವೆ ಯಾರೋ ಕೊಡಿಸಿದ ಟ್ಯೂಬು ಮೂರು ದಿನ ಪವಾಡ ಮಾಡಿತು. ನಿಲ್ಲಿಸಿದ್ದೇ ತಡ, ತುರಿಕೆ ಬಡ್ಡಿಸಮೇತ ವಾಪಸ್. ಒಳಗಿದ್ದದ್ದು ಬಲವಾದ ಸ್ಟೀರಾಯ್ಡ್, ರೆಪ್ಪೆಯಂಥ ತೆಳುಚರ್ಮಕ್ಕೆ ಅದನ್ನು ಹೇಳದೆ ಕೇಳದೆ ಹಚ್ಚಬಾರದು ಎಂದು ಆಮೇಲೆ ಗೊತ್ತಾಯಿತು.

ಚರ್ಮದ ಡಾಕ್ಟರು ಶರ್ಟು ಬಿಚ್ಚಿಸಿ ನೋಡಿದರು. "ಕೂಲೆಂಟ್ ಆಗಿದ್ದರೆ ಮೊದಲು ಬೆರಳು ಕೆಡಬೇಕಿತ್ತು. ನಿಮಗೆ ಗಾಳಿ ತಾಗುವ ಕಡೆಯೇ ಬಂದಿದೆ. ಮನೆ ಪಕ್ಕ ಖಾಲಿ ಸೈಟ್ ಇದೆಯಾ?"

ಯಾವ ಜ್ಯೋತಿಷಿಯೂ ಇಷ್ಟು ನೇರವಾಗಿ ಕೇಳಿರಲಿಲ್ಲ. ಇತ್ತು. ಮೂವತ್ತು ನಲವತ್ತರ ಸೈಟು, ಎದೆಮಟ್ಟ ಕಾಂಗ್ರೆಸ್ ಗಿಡ.

ಅನುಮಾನದ ವಸ್ತುಗಳನ್ನು ತುಂಬಿದ ಸಣ್ಣ ಬಟ್ಟಲಿನಂಥವನ್ನು ಬೆನ್ನಿಗೆ ಸಾಲಾಗಿ ಅಂಟಿಸಿ ಕಳಿಸಿದರು. 48 ಗಂಟೆ ಬೆನ್ನಿಗೆ ನೀರು ಸೋಕುವಂತಿಲ್ಲ, ಕೆರೆಯುವಂತಿಲ್ಲ. ಈ ಪ್ಯಾಚ್ ಪರೀಕ್ಷೆಯನ್ನು 1895ರಲ್ಲೇ ಯದಾಸೋನ್ ಎಂಬ ಜರ್ಮನ್ ವೈದ್ಯ ತೋರಿಸಿಕೊಟ್ಟಿದ್ದ. ಪಟ್ಟಿ ಕಿತ್ತಾಗ ಕೂಲೆಂಟ್ ನಿರ್ದೋಷಿ. ಪಾರ್ಥೇನಿಯಂ, ಅಂದರೆ ಅದೇ ಕಾಂಗ್ರೆಸ್ ಗಿಡ, ಇದ್ದ ಜಾಗ ಮಾತ್ರ ಕೆಂಪಗೆ ಉಬ್ಬಿತ್ತು. ಬದನೆಕಾಯಿಯನ್ನಂತೂ ಯಾರೂ ವಿಚಾರಣೆಗೇ ಕರೆದಿರಲಿಲ್ಲ.

ಆಮೇಲೆ ನಾನು ಆ ಗಿಡದ ಜಾತಕ ಹುಡುಕಿದೆ. ಅಮೆರಿಕ ಖಂಡದ್ದು, 1955ರಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಅಮೆರಿಕದಿಂದ ಬಂದ ಗೋಧಿಯ ಜೊತೆ ಬಂತೆಂಬುದು ಜನರ ಮಾತು. ಬಿಳಿ ಟೋಪಿಯಂಥ ಹೂವಿಗಾಗಿ ಕಾಂಗ್ರೆಸ್ ಎಂಬ ಹೆಸರು ಬಂತಂತೆ. 1975ರಲ್ಲಿ ಕರ್ನಾಟಕ ಇದನ್ನು ಕಾನೂನಿನ ಪ್ರಕಾರ ಪೀಡೆಯ ಕಳೆ ಎಂದು ಸಾರಿತು. ಆಗ ಇದ್ದದ್ದು ದೇವರಾಜ ಅರಸರ ಕಾಂಗ್ರೆಸ್ ಸರ್ಕಾರ! ಗಿಡಕ್ಕೆ ಪಕ್ಷಭೇದವಿಲ್ಲ, ಯಾವ ಸರ್ಕಾರಕ್ಕೂ ಬಗ್ಗಲಿಲ್ಲ. 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ಈ ಗಿಡ ತಿನ್ನುವ ಒಂದು ಜೀರುಂಡೆ ತರಿಸಿ, ಪರೀಕ್ಷಿಸಿ, ಮರುವರ್ಷ ಬಯಲಿಗೆ ಬಿಟ್ಟರು. ಜೈಗೋಗ್ರಾಮ ಅದರ ಹೆಸರು. ಮಳೆಗಾಲದಲ್ಲಿ ಎಲೆಯನ್ನು ಜಾಲರಿ ಮಾಡುತ್ತದೆ, ಒಣಹವೆಯಲ್ಲಿ ಮಣ್ಣೊಳಗೆ ನಿದ್ದೆ ಹೊಡೆಯುತ್ತದೆ. ಗಿಡಕ್ಕೆ ಅಂಥ ರಜೆಯಿಲ್ಲ. ಹುಲುಸಾದ ಒಂದೇ ಗಿಡ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ.

ಒಂದು ತಪ್ಪೊಪ್ಪಿಗೆ ಬಾಕಿಯಿದೆ. ಪ್ರತಿ ವರ್ಷ ಗಣೇಶನ ಪೆಂಡಾಲಿಗೆಂದು ಆ ಸೈಟಿನ ಗಿಡವನ್ನು ಬರಿಗೈಯಲ್ಲಿ ಕಿತ್ತವನು ನಾನೇ. ಮೂರು ವರ್ಷ ಏನೂ ಆಗದ್ದರಿಂದ ಗಿಡದ ಮೇಲೆ ಅನುಮಾನವೇ ಬರಲಿಲ್ಲ. ಆದರೆ ಈ ಅಲರ್ಜಿ ಹಾಗೆಯೇ ಅಂತೆ. ಗಿಡದೊಳಗಿನ ಪಾರ್ಥೆನಿನ್ ಎಂಬ ವಸ್ತುವನ್ನು ಚರ್ಮ ಸುಮ್ಮನೆ ಗುರುತಿಟ್ಟುಕೊಳ್ಳುತ್ತದೆ, ಯಾವಾಗಲೋ ಒಂದು ದಿನ ತಿರುಗಿಬೀಳುತ್ತದೆ. ಒಮ್ಮೆ ತಿರುಗಿಬಿದ್ದರೆ ಒಣಗಿದ ಗಿಡದ ಧೂಳು ಸಾಕು.

ಈಗ ತುಂಬುತೋಳಿನ ಶರ್ಟು. ಹೊರಗಿನಿಂದ ಬಂದೊಡನೆ ಬಟ್ಟೆ ಬಕೆಟ್ಟಿಗೆ. ಸುಡುನೀರಿನ ಸ್ನಾನ ಬಿಟ್ಟೆ. ಬೆಚ್ಚಗಿನ ನೀರು, ಕಡಿಮೆ ಸೋಪು, ಮೈ ಪೂರ್ತಿ ಒಣಗುವ ಮೊದಲೇ ದಪ್ಪ ಮಾಯಿಶ್ಚರೈಸರ್. ಉಲ್ಬಣಿಸಿದಾಗ ಡಾಕ್ಟರು ಹೇಳಿದ ಮುಲಾಮು, ಹೇಳಿದಷ್ಟೇ ದಿನ. ಪೂರ್ತಿ ಹೋಗಿಲ್ಲ. ಕೈಸಾಲದವನ ಹಾಗೆ ಆಗಾಗ ಬಂದು ಬಾಗಿಲು ತಟ್ಟುತ್ತದೆ.

ಹೋದ ವರ್ಷ ಸೈಟು ಮಾರಾಟವಾಗಿ ಕಟ್ಟಡ ಏಳತೊಡಗಿತು. ನಾನು ನಿಟ್ಟುಸಿರು ಬಿಟ್ಟೆ. ಒಂದು ಸಂಜೆ ಯಾದಗಿರಿ ಕಡೆಯ ಗಾರೆ ಕೆಲಸದವನು ಗೇಟಿನ ಹತ್ತಿರ ನಿಂತು ಅಂಗೈ ಚಾಚಿದ. ಬೆರಳೆಲ್ಲ ಸೀಳಿ, ಒರಟಾಗಿ, ಕೆಂಪಾಗಿದ್ದವು. ಸಿಮೆಂಟಿನಲ್ಲಿ ಕ್ರೋಮೇಟ್ ಇರುತ್ತದೆ, ಅದಕ್ಕೂ ಹೀಗಾಗುತ್ತದೆ ಎಂದು ನನ್ನ ಡಾಕ್ಟರು ಹೇಳಿದ್ದು ನೆನಪಾಯಿತು. ಆಸ್ಪತ್ರೆಗೆ ತೋರಿಸಪ್ಪ, ಗ್ಲೌಸು ಹಾಕ್ಕೋ ಎಂದು ಬಾಯಿ ತೆರೆಯುವಷ್ಟರಲ್ಲಿ ಅವನೇ ಅಂದ:

"ಬದನಿಕಾಯಿ ಬಿಟ್ಟು ಎರಡು ತಿಂಗಳಾತ್ರಿ ಯಜಮಾನ್ರ. ಏನೂ ಕಡಿಮಿ ಆಗವಲ್ದು."